ಮಂತ್ರಿಯ ನಕ್ಷೆ, ಸಣ್ಣೀರಿಯ ಪಂಚೆ

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳಾ, ಈ ಕಥೆ ನಿಮ್ಮಂಥವರದ್ದೇ.

ಏಳುಬಾಗಿಲಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಅವನಿಗೊಬ್ಬ ಮಂತ್ರಿ, ಹೆಸರು ಪದ್ಮರಸ. ಈ ಮಹಾರಾಯ ನೆಲಕ್ಕೆ ಕಾಲಿಟ್ಟವನೇ ಅಲ್ಲ. ಮನೆಯಿಂದ ಅರಮನೆಗೆ ಪಲ್ಲಕ್ಕಿ. ಪಲ್ಲಕ್ಕಿಗೆ ಪರದೆ. ಪರದೆಯೊಳಗೆ ಗೊರಕೆ. ಆದರೆ ಓಣಿಯ ತಿರುವುಗಳಲ್ಲಿ ಪಲ್ಲಕ್ಕಿ ವಾಲಿ ನಿದ್ದೆ ಕೆಡುತ್ತಿತ್ತು. ಅದಕ್ಕೇ ಕೂತಲ್ಲೇ ಒಂದು ನಕ್ಷೆ ಬರೆದ. ತನ್ನ ಬಾಗಿಲಿಂದ ಅರಮನೆಗೆ ನೂಲು ಹಿಡಿದು ಎಳೆದಂಥ ನೆಟ್ಟಗಿನ ರಾಜಬೀದಿ!

"ಮಧ್ಯೆ ಏನಿದೆ?" ಅಂದ ರಾಜ.

"ಏನೂ ಇಲ್ಲ ಪ್ರಭು, ಬರೀ ಬಯಲು. ನಾನೇ ಅಡಿ ಅಡಿ ನಡೆದು ಅಳೆದಿದ್ದೇನೆ."

ಸುಳ್ಳನ್ನೂ ಸತ್ಯದ ತಲೆಮೇಲೆ ಹೊಡೆದ ಹಾಗೆ ಹೇಳಿದ, ಪುಣ್ಯಾತ್ಮ. ರಾಜ ನಂಬಿ ಹೂಂ ಅಂದ.

ಆ ಬಯಲಲ್ಲಿ ಕುಂಬಾರಗೇರಿ ಇತ್ತು. ಮುತ್ತಜ್ಜಂದಿರ ಕಾಲದ ಮೆಟ್ಟಿಲುಬಾವಿ ಇತ್ತು. ಬೀದಿಗಾಗಿ ಅದನ್ನು ಮುಚ್ಚಿದರೆ ಕೇರಿಗೆ ಕುಡಿಯಲು ನೀರಿಲ್ಲ, ಮಣ್ಣು ಕಲಸಲೂ ನೀರಿಲ್ಲ. ದೊಡ್ಡವರು ತಲೆಮೇಲೆ ಕೈ ಹೊತ್ತು ಕೂತರು. ಒಂಬತ್ತು ವರ್ಷದ ಸಣ್ಣೀರಿ, ಕುಂಬಾರರ ಹುಡುಗಿ, ಅವಳಿಗೆ ಮಾತ್ರ ಸಿಟ್ಟು ಬಂತು. ಕೇರಿಯ ಮಕ್ಕಳನ್ನೆಲ್ಲ ಕೂಡಿಸಿದಳು. ಅಜ್ಜನ ಹಳೇ ಪಂಚೆ ಹಾಸಿ, ಇದ್ದಿಲಿನಲ್ಲಿ ಊರನ್ನೇ ಬರೆದರು. ವೀರಗಲ್ಲು, ಹುಣಸೆಮರ, ಬಾವಿ, ಕಚ್ಚುವ ನಾಯಿ ಮಲಗುವ ಜಾಗ ಕೂಡ! ಪಂಚೆ ಹೊತ್ತು ಅರಮನೆಗೆ ಹೋದರು.

ಮಂತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಪಂಚೆ ಮೇಲೆ ಪಟ್ಟಣ! ಮಕ್ಕಳಾಟ!"

"ಆಟಾನೇ ಸ್ವಾಮಿ," ಅಂದಳು ಸಣ್ಣೀರಿ. "ಕಣ್ಣಿಗೆ ಬಟ್ಟೆ ಕಟ್ಕೊಂಡು ಆಡಿ ಆಡಿ ಊರೆಲ್ಲ ನಮ್ಮ ಕಾಲಿಗೆ ಗೊತ್ತು. ಮಂತ್ರಿಗಳೂ ಅಡಿ ಅಡಿ ಅಳೆದೋರಂತಲ್ವಾ? ಇಬ್ರೂ ಕಣ್ಣು ಕಟ್ಕೊಂಡು ನಡೆಯೋಣ."

ರಾಜನಿಗೆ ಖುಷಿಯೋ ಖುಷಿ. "ಆಗಲಿ, ನಾನೂ ಹಿಂದೆ ಬರ್ತೀನಿ!" ಅಂದ.

ಸಣ್ಣೀರಿ ಮಂತ್ರಿಯ ಮನೆಯಿಂದ ಹೊರಟು, ಹೆಜ್ಜೆ ಎಣಿಸುತ್ತ, ನಾಯಿಯನ್ನೂ ಎಬ್ಬಿಸದೆ ಅರಮನೆ ಮುಟ್ಟಿದಳು. ಆಮೇಲೆ ಮಂತ್ರಿಯ ಸರದಿ. ನಕ್ಷೆ ಓದಿ ಹೇಳಲು ಒಬ್ಬ ಸೇವಕ.

"ಮುಂದೇನಿದೆಯೋ?"

"ನಕ್ಷೇಲಿ ಏನೂ ಇಲ್ಲ ಬುದ್ಧಿ."

ಧಡ್! ಹಣೆಗೆ ವೀರಗಲ್ಲು.

"ಈಗೇನಿದೆಯೋ?"

"ಏನೂ ಇಲ್ಲ ಬುದ್ಧಿ."

ಗುರ್ರ್! ಜರತಾರಿ ಧೋತ್ರದ ಅರ್ಧ ನಾಯಿಯ ಬಾಯಲ್ಲಿ.

"ಇನ್ನೇನಿದೆಯೋ, ಬೇಗ ಹೇಳೋ!"

"ಏನೂ ಇಲ್ಲ ಬುದ್ಧಿ, ಬರೀ ಬಯಲು."

ಮಂತ್ರಿ ಓಡಿದ. ಮೆಟ್ಟಿಲ ಮೇಲೆ ಉರುಳಿ, ಉರುಳಿ, ಗುಳುಂ!

"ಬಾವಿ! ಇಲ್ಲಿ ಬಾವಿ ಇದೆ ಪ್ರಭು!"

ರಾಜ ಬಗ್ಗಿ ನೋಡಿದ. "ನಕ್ಷೆಯಲ್ಲಿ ಇಲ್ಲವಲ್ಲ ಮಂತ್ರಿಗಳೇ?"

ಮಕ್ಕಳೇ ಇಳಿದು ಕೈಹಿಡಿದು ಹತ್ತಿಸಿದರು. ರಾಜಬೀದಿ ಕುಂಬಾರಗೇರಿಯನ್ನು ಬಳಸಿಕೊಂಡು ಹೋಯಿತು. ಪಂಚೆ ಅರಮನೆಯ ಗೋಡೆ ಏರಿತು. ಅಂದಿನಿಂದ ಯಾವ ಬೀದಿ ಕಟ್ಟಿದರೂ ಮೊದಲು ಮಕ್ಕಳನ್ನು ಕರೆದು ಕೇಳುತ್ತಿದ್ದರು. ಪಲ್ಲಕ್ಕಿಯೋ? ಮಡಕೆ ಹೊರಲು ಕುಂಬಾರಗೇರಿಗೆ ಹೋಯಿತು. ಮಂತ್ರಿ ದಿನಾ ನಡೆದೇ ಹೋಗುತ್ತಿದ್ದ, "ನಾಯಿ ಎದ್ದಿದೆಯಾ ಮಗಾ?" ಅಂತ ಸಣ್ಣೀರಿಯನ್ನು ಕೇಳಿಕೊಂಡು.

ತಿಳೀತಾ ಮಕ್ಕಳಾ? ಊರು ಕಟ್ಟುವವನು ಮೊದಲು ಊರಲ್ಲಿ ನಡೆಯಬೇಕು. ನಡೆಯಲಾಗದಿದ್ದರೆ, ಅಲ್ಲಿ ಆಡುವ ಮಕ್ಕಳನ್ನಾದರೂ ಕೇಳಬೇಕು.