ಬೆಲ್ಲಿಗೊಂದು ಓಟ

"ನಾಳೆಯಾದ್ರೂ ನನ್ನ ಜೊತೆ ವಾಕಿಂಗ್ ಬರ್ತೀರಾ?"

ನನ್ನ ಹೆಂಡತಿ ಚಂಪಕ ಕೊನೆಯದಾಗಿ ಕೇಳಿದ್ದು ಇಷ್ಟೇ. ಮಂಡಿನೋವು ಅಂದೆ. ಮಂಡಿ ಚೆನ್ನಾಗೇ ಇತ್ತು. ಅವತ್ತೇ ಅವಳು ಎದೆನೋವಿಂದ ಹೋಗಿಬಿಟ್ಟಳು.

ನಾನು ಆಫೀಸಿನಲ್ಲಿ ಜವಾನ. ಮೂರು ತಿಂಗಳ ಮೇಲೆ ಸಾಹೇಬರು ಹುಕುಂ ಮಾಡಿದರು. "ಹೃದ್ರೋಗಿಗಳಿಗೆ ಹಣ ಕೂಡಿಸೋ ಓಟ ಇದೆ, ಎಲ್ಲರೂ ಐದು ಕಿಲೋಮೀಟರ್ ಓಡಬೇಕು. ಇವತ್ತಿಂದಲೇ ಅಭ್ಯಾಸ. ನೆಪ ಹೇಳಬಾರದು."

ನೆಪ ಹೇಳಲಿಲ್ಲ. ಅವರು ಬೆಲ್ ಒತ್ತಿದಾಗಲೆಲ್ಲ ಓಡಿದೆ. ಟೀ ಹಿಡಿದುಕೊಂಡೂ ಓಡಿದೆ. ಅರ್ಧ ಟೀ ಅವರ ಪ್ಯಾಂಟಿನ ಮೇಲೆ ಬಿತ್ತು.

"ಏನಯ್ಯಾ ಇದು?"

"ಅಭ್ಯಾಸ ಸಾರ್. ನಾಳೆ ಇನ್ನೂ ಜೋರಾಗಿ ಓಡ್ತೀನಿ."

ಸಾಹೇಬರು ಪ್ಯಾಂಟು ಒರೆಸಿಕೊಂಡು, ಓಟದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವಳಿಂದಲೂ ಹೀಗೇ ಜಾಣತನ ಮಾಡಿ ತಪ್ಪಿಸಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ಓಡಿದೆ. ಅರ್ಧ ಸುತ್ತಿಗೇ ಏದುಸಿರು ಬಂತು. ಸುಧಾರಿಸಿಕೊಂಡು, ಸಾಹೇಬರ ಮನೆಗೇ ಹೋಗಿ ಹೆಸರು ಮತ್ತೆ ಬರೆಸಿದೆ.