ದೊರೆಗೂ ಬಂದ ಬೆನ್ನು ನೋವು

ಊರೂರಲ್ಲೂ ಡಂಗುರ ಬಿತ್ತು: “ಕೇಳಿರಪ್ಪೋ ಕೇಳಿ! ದೊರೆ ಉಗ್ರಕೇತುವಿನ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುವುದು. ತಪ್ಪಿದವರ ತಲೆ ಹೋಗುವುದು!”

ಪಲ್ಲಕ್ಕಿ ಹೊರುವ ಕೆಂಚ ಹಲ್ಲು ಕಡಿಯುತ್ತಲೇ ಅರಮನೆಗೆ ನಡೆದ. ಅವನ ಅಪ್ಪ ಬೈರ ಬೆನ್ನು ನೋವು ತಡೆಯಲಾರದೆ ದೊರೆಯ ಪಲ್ಲಕ್ಕಿಯನ್ನು ನಡುದಾರಿಯಲ್ಲಿ ಇಳಿಸಿದ್ದ. ಮೈಮೇಲೆ ಒಂದು ಗಾಯವೂ ಇಲ್ಲ, ಇದೆಲ್ಲ ಸೋಗು ಎಂದು ದೊರೆ ಅವನನ್ನು ಸೆರೆಗೆ ತಳ್ಳಿದ್ದ. ಬೆಳಗಾದರೆ ಅವನಿಗೆ ಗಲ್ಲು.

ಸಭೆಯಲ್ಲಿ ದೊರೆ ದಿಂಬುಗಳ ನಡುವೆ ಓರೆಯಾಗಿ ಕೂತು ಗುಡುಗಿದ: “ಯಾರೂ ಬಡಿಯದಿದ್ದರೂ ಕೂಗಿಕೊಳ್ಳುವ ಕಾವಲುಗಾರ ಯಾರು?”

“ನಾಯಿ,” ಎಂದ ಒಗಟು ಬಿಡಿಸಲು ಬಂದಿದ್ದ ಒಬ್ಬ ರಾಜಕುಮಾರ. ಭಟರು ಅವನನ್ನು ದರದರ ಸೆರೆಗೆ ಎಳೆದೊಯ್ದರು.

“ಒಳ್ಳೆಯ ದಿನಗಳಲ್ಲಿ ತುಟಿಪಿಟಿಕ್ಕೆನ್ನದೆ ಮಲಗಿದ್ದು, ಮನೆ ಕಾವೇರಿದಾಗ ಎದ್ದು ಅರಚುವವರು ಯಾರು?”

“ಜೀರುಂಡೆಗಳು,” ಎಂದ ಇನ್ನೊಬ್ಬ ರಾಜಕುಮಾರ. ಅವನೂ ಸೆರೆಮನೆ ಸೇರಿದ.

“ಹೂವು ಬಿದ್ದರೂ ಬಂಡೆ ಬಿತ್ತೆಂದು ದೂರು ಒಯ್ಯುವವನು ಯಾರು?”

ಉಳಿದವರು ಹಿಂದೆ ಸರಿದರು. ಕೆಂಚ ಮುಂದೆ ಬಂದ.

“ಮೂರಕ್ಕೂ ಒಂದೇ ಉತ್ತರ, ದೊರೆ. ಬೆನ್ನುಮೂಳೆ ಕೀಲಿನ ನರ. ಕೀಲು ಉರಿಯೂತದಿಂದ ಬಾತುಕೊಂಡ್ರೆ, ಸುಮ್ನೆ ಕೂತಿದ್ರೂ ನರ ಮಿಡಿಯುತ್ತೆ. ಚೆನ್ನಾಗಿದ್ದಾಗ ಮಲಗಿದ್ದ ನರಗಳೂ ಎದ್ದು ಕೂರ್ತವೆ. ಒಂಚೂರು ಮೈ ತಿರುಗಿಸಿದ್ರೆ ಸಾಕು, ಏಟು ಬಿತ್ತು ಅಂತ ತಲೆಗೆ ಸುದ್ದಿ ಮುಟ್ಟಿಸ್ತವೆ.”

ದೊರೆಯ ಮುಖ ಕಪ್ಪಿಟ್ಟಿತು. “ರಾಜವೈದ್ಯರು ನನ್ನ ಬೆನ್ನು ನೋಡಿ ಗುಟ್ಟಾಗಿ ಹೇಳಿದ ಮಾತು ನಿನಗೆ ಹೇಗೆ ತಿಳಿಯಿತು?”

“ನಿಮ್ಮ ಬೆನ್ನು ಯಾರಿಗೆ ಗೊತ್ತು? ನಾನು ಹೇಳಿದ್ದು ನಮ್ಮೂರ ವೈದ್ಯರು ನೋಡಿ ಹೇಳಿದ ನಮ್ಮಪ್ಪನ ಬೆನ್ನಿನ ಕತೆ! ಶಾಖ ಕೊಟ್ಟು ಕೊಟ್ಟು ನನ್ನ ಕೈ ಸೋತಿದೆ. ಇದೇ ಸಭೇಲಿ ಅವನು ಇದನ್ನೇ ಹೇಳಿ ಗೋಗರೆದ. ನಿಮಗೆ ಬಂದ್ರೆ ನೋವು, ಅವನಿಗೆ ಬಂದ್ರೆ ಸೋಗಾ?”

ಭಟರು ಕತ್ತಿ ಹಿರಿದರು. ದೊರೆ ಕೈಯೆತ್ತಿ ತಡೆದ. ಕೊಟ್ಟ ಮಾತನ್ನು ಸಭೆಯೆಲ್ಲ ಕೇಳಿತ್ತು.

“ಏನು ಬೇಕು, ಕೇಳು.”

“ಆ ರಾಜಕುಮಾರರನ್ನ ಬಿಡಿ. ನಮ್ಮಪ್ಪನ್ನ ಬಿಡಿ. ಬೀಗ ನೀವೇ ಹೋಗಿ ತೆಗೀಬೇಕು.”

ದೊರೆ ಗೋಡೆ ಹಿಡಿದು, ನರಳುತ್ತ ಸೆರೆಮನೆಯ ಮೆಟ್ಟಿಲಿಳಿದು ಬೀಗ ತೆಗೆದ. “ಬೈರಾ, ನಿನ್ನ ನೋವು ನಿಜ ಕಣೋ,” ಎಂದ.

ಬೈರ ನಿಧಾನವಾಗಿ ಎದ್ದು ನಿಂತ. “ಅದು ನಂಗೆ ಮೊದ್ಲೇ ಗೊತ್ತಿತ್ತು,” ಎಂದವನೇ ಮಗನ ಭುಜ ಹಿಡಿದು, ದೊರೆಯತ್ತ ತಿರುಗಿಯೂ ನೋಡದೆ ಹೊರಟ.