ಬಾತಕ್ಕ ಚುನಾವಣೆಗೆ ನಿಂತಳು

ಬಾಯಿ ಮುಚ್ಚಿ, ಕಿವಿ ಬಿಚ್ಚಿ, ಕೇಳಿ ಮಕ್ಕಳೇ.

ಕೆಳಗಿನ ಕೇರಿಯಲ್ಲಿ ಒಬ್ಬಳು ಬಾತಕ್ಕ. ಅವಳಿಗೊಂದು ಪುಟ್ಟ ಕೊಳ. ಒಂದು ಬೆಳಗ್ಗೆ ಎದ್ದು ನೋಡುತ್ತಾಳೆ, ಕೊಳದಲ್ಲಿ ನೀರೇ ಇಲ್ಲ. ಮರಿಗಳು ಒಣ ಕೆಸರಲ್ಲಿ ಈಜಲು ಹೋಗಿ ಹೊಟ್ಟೆ ತರಚಿಕೊಂಡವು.

ನೀರು ಬಿಡುವವನು ನೀರಗಂಟಿ ಕೊಕ್ಕರಣ್ಣ. ಬಾತಕ್ಕ ಅವನ ಹತ್ತಿರ ಓಡಿದಳು. ನೀರು ಬಿಡಣ್ಣ ಅಂದಳು.

ಕೊಕ್ಕರಣ್ಣ ಒಂಟಿಕಾಲಲ್ಲಿ ನಿಂತೇ ಹೇಳಿದ. "ಪಂಚಾಯತಿ ಮೆಂಬರು ಹೇಳಿದರೆ ಬಿಡ್ತೀನಿ. ನಿಮ್ಮ ಕೇರಿಗೆ ಮೆಂಬರೇ ಇಲ್ಲವಲ್ಲ. ಹೋದ ಸಲ ಯಾರೂ ಚುನಾವಣೆಗೆ ನಿಲ್ಲಲಿಲ್ಲ. ಈಗ ಮತ್ತೆ ಕರೆದಿದ್ದಾರೆ."

"ಹಾಗಾದರೆ ನಾನೇ ನಿಲ್ತೀನಿ," ಅಂದಳು ಬಾತಕ್ಕ.

ಓಡಿದಳು, ಓಡಿದಳು. ಚುನಾವಣಾಧಿಕಾರಿ ಕೋಣರಾಯರ ಮುಂದೆ ನಿಂತಳು.

"ಕೊಳದಲ್ಲಿ ನೀರಿಲ್ಲ. ಮೆಂಬರು ಹೇಳದೆ ಕೊಕ್ಕರಣ್ಣ ಬಿಡೋಲ್ಲ. ನನ್ನ ನಾಮಪತ್ರ ತಗೊಳ್ಳಿ ರಾಯರೇ."

ಕೋಣರಾಯರು ವಯಸ್ಸು ಕೇಳಿದರು. ಸಾಕಷ್ಟಿತ್ತು. ಮತದಾರರ ಪಟ್ಟಿ ನೋಡಿದರು. ಹೆಸರಿತ್ತು. ಆದರೂ ಕೊಂಬು ಅಲ್ಲಾಡಿಸಿದರು.

"ಸೂಚಕರು ಎಲ್ಲಮ್ಮ? ಇವಳು ನಿಲ್ಲಲಿ ಅಂತ ನಿನ್ನ ಕೇರಿಯವರೊಬ್ಬರು ಹೆಬ್ಬೆಟ್ಟು ಒತ್ತಬೇಕು. ಇವತ್ತೇ ಕೊನೆ. ಮೂರು ಗಂಟೆಗೆ ಬಾಗಿಲು ಹಾಕ್ತೀನಿ."

ಓಡಿದಳು, ಓಡಿದಳು. ಪಕ್ಕದ ಮನೆ ಆಮೆಜ್ಜನ ಚಿಪ್ಪು ತಟ್ಟಿದಳು.

"ಕೊಳದಲ್ಲಿ ನೀರಿಲ್ಲ. ಮೆಂಬರು ಹೇಳದೆ ಕೊಕ್ಕರಣ್ಣ ಬಿಡೋಲ್ಲ. ಸೂಚಕರಿಲ್ಲದೆ ಕೋಣರಾಯರು ತಗೊಳ್ಳೋಲ್ಲ. ಹೆಬ್ಬೆಟ್ಟು ಒತ್ತಜ್ಜ."

ಒತ್ತೋಣ ತಾಯಿ ಅಂದ ಆಮೆಜ್ಜ. ಬೆರಳು ನೋಡಿಕೊಂಡ. ಬೆರಳ ತುಂಬ ಒಣ ಕೆಸರು! ಕೆರೆದರೂ ಹೋಗದು. ಕೆಸರು ಬೆರಳು ಒತ್ತಿದರೆ ಗುರುತು ಮೂಡದು. ತೊಳೆಯಲು ನೀರು ತಾ ಅಂದ.

ಅಯ್ಯೋ! ನೀರಿಗೆಂದು ಹೊರಟವಳಿಗೆ ನೀರೇ ಬೇಕಂತೆ.

ಓಡಿದಳು, ಓಡಿದಳು. ಗಿಡ್ಡ ಮರದ ಕೆಳಗೆ ನಿಂತು ಕಾಗಕ್ಕನನ್ನು ಕೂಗಿದಳು.

"ಕೊಳದಲ್ಲಿ ನೀರಿಲ್ಲ. ಮೆಂಬರು ಹೇಳದೆ ಕೊಕ್ಕರಣ್ಣ ಬಿಡೋಲ್ಲ. ಸೂಚಕರಿಲ್ಲದೆ ಕೋಣರಾಯರು ತಗೊಳ್ಳೋಲ್ಲ. ಬೆರಳು ತೊಳೆಯದೆ ಆಮೆಜ್ಜ ಒತ್ತೋಲ್ಲ. ದೂರದ ಹೊಳೆಯಿಂದ ಒಂದು ಕೊಕ್ಕು ನೀರು ತಾ ಕಾಗಕ್ಕ."

"ತರ್ತೀನಿ. ಆದರೆ ನನ್ನ ಮೊಟ್ಟೆಗೆ ಕಾವು ಯಾರು ಕೊಡ್ತಾರೆ?"

"ಅದು ನನಗೆ ಬರ್ತದೆ," ಅಂದಳು ಬಾತಕ್ಕ.

ಮರ ಹತ್ತಿದಳು. ಜಾರಿದಳು. ಮತ್ತೆ ಹತ್ತಿದಳು. ಮೊಟ್ಟೆಗಳ ಮೇಲೆ ಮೆತ್ತಗೆ ಕೂತಳು. ಬಿಸಿಲು ವಾಲುತ್ತಿತ್ತು. ಬಾತಕ್ಕನಿಗೆ ಭಯವೋ ಭಯ. ಆದರೂ ಏಳಲಿಲ್ಲ.

ಬಂದಳು ಕಾಗಕ್ಕ!

ಮೊಟ್ಟೆಗೆ ಕಾವು ಸಿಕ್ಕಿತ್ತು, ಕಾಗಕ್ಕ ನೀರು ಕೊಟ್ಟಳು. ನೀರು ಸಿಕ್ಕಿತು, ಆಮೆಜ್ಜ ಬೆರಳು ತೊಳೆದ. ಬೆರಳು ತೊಳೆದ, ಹೆಬ್ಬೆಟ್ಟು ಒತ್ತಿದ. ಹೆಬ್ಬೆಟ್ಟು ಬಿತ್ತು, ಬಾತಕ್ಕ ಓಡಿದಳು. ಕೋಣರಾಯರು ಬಾಗಿಲು ಎಳೆಯುತ್ತಿದ್ದರು. ಸಂದಿಯಲ್ಲಿ ಕೊಕ್ಕು ತೂರಿಸಿದಳು. ರಾಯರು ನಾಮಪತ್ರ ತಗೊಂಡರು. ಬೇರೆ ಯಾರೂ ನಿಂತಿರಲಿಲ್ಲ. ಬಾತಕ್ಕ ಅವಿರೋಧವಾಗಿ ಗೆದ್ದಳು.

ಕೊಕ್ಕರಣ್ಣ ಎತ್ತಿದ್ದ ಕಾಲು ಇಳಿಸಿದ. "ಎಷ್ಟು ಬಿಡಲಿ, ಮೆಂಬರಮ್ಮ?"

"ಮರಿಗಳು ಈಜುವಷ್ಟು. ಆಮೆಜ್ಜ ಮೀಯುವಷ್ಟು. ಕಾಗಕ್ಕ ಕುಡಿಯುವಷ್ಟು."

ಗುಳುಗುಳು ನೀರು ಬಂತು. ಪುಳಕ್, ಪುಳಕ್, ಮರಿಗಳು ಹಾರಿದವು. ಬಾತಕ್ಕ ಉಸ್ಸಪ್ಪಾ ಅಂದಳು.

ನಾವೂ ಅನ್ನೋಣ. ಉಸ್ಸಪ್ಪಾ.